ಈಗ ಬಂದೆ ಅಂತ ಇಳಿದವರ ಗಾಡಿ

(ಮಾತಾಡುವವರು ಇಬ್ಬರು. ಬೆಳಗಾವಿ ಜಿಲ್ಲೆಯ ಠಾಣೆಗಳಲ್ಲಿ ದುಡಿದು ಹವಾಲ್ದಾರರಾಗಿ ನಿವೃತ್ತರಾದ ಕಾಕಾ. ಗೋಕಾಕದಿಂದ ಮೂಡಲಗಿ ಕಡೆಯ ಶಾಲೆಯೊಂದಕ್ಕೆ ದಿನಾ ಸ್ಕೂಟಿಯ ಮೇಲೆ ಹೋಗಿಬರುವ ಅವರ ಅಣ್ಣನ ಮಗಳು.)

ಮಗಳು: ಕಾಕಾ, ತಮ್ಮನ ಗಾಡಿ ಹೋತಲ್ರಿ. ಮೂಡಲಗಿ ಸಂತ್ಯಾಗ ಕಾಯಿಪಲ್ಲೆ ತಗೊಂಡು ಹೊಳ್ಳಿ ಬರೂದರಾಗ ಗಾಡಿ ಇಲ್ಲ. ಚಾವಿ ಅದರಾಗ ಬಿಟ್ಟಿದ್ದ. ಈಗ ಮನ್ಯಾಗ ಎಲ್ಲಾರೂ ಅವಂಗ ಬೈಯಾಕತ್ತಾರ. ಅಂವ ಊಟಾನೂ ಬರೋಬ್ಬರಿ ಮಾಡವಲ್ಲ. ತುಡುಗು ಮಾಡಿದಂವಗ ಮಾತ್ರ ಯಾರೂ ಒಂದ ಮಾತ ಅನ್ನವಲ್ಲರು.

ಕಾಕಾ: ಮೊದಲ ಆ ಬೈಯೂದು ನಿಲ್ಲಸ್ರಿ ಯವ್ವಾ. ಮೈಮರೆತದ್ದು ಬ್ಯಾರೆ, ತುಡುಗು ಬ್ಯಾರೆ. ಸುಪ್ರೀಂ ಕೋರ್ಟಿಗೂ ಇಂಥಾದ್ದ ಒಂದ ಪ್ರಕರಣ ಹೋಗಿತ್ತು. ಟ್ರಕ್ಕಿನ ಡ್ರೈವರ್ ದಾರಿ ಕೇಳಾಕಂತ ಕೆಳಗ ಇಳದಾನ, ಚಾವಿ ಗಾಡ್ಯಾಗ ಉಳದೈತಿ, ಅಷ್ಟರಾಗ ಯಾರೊ ಟ್ರಕ್ ಹೊಡಕೊಂಡ ಹೋಗ್ಯಾರ. ವಿಮಾ ಕಂಪನಿಯವರು ನಿಮ್ಮ ಡ್ರೈವರಂದ ತಪ್ಪು, ಏನೂ ಕೊಡಂಗಿಲ್ಲ ಅಂದ್ರು. ಮಾಲಕ ವರ್ಷಗಟ್ಟಲೆ ಅಡ್ಡಾಡಿದ. ಕಡೀಕೆ 2023ರಾಗ ಕೋರ್ಟು ಅಜಾಗರೂಕತೆ ಇದ್ದದ್ದು ಖರೆ ಅಂತ ಒಪ್ಪಿ, ಅಷ್ಟಕ್ಕ ಇಡೀ ಪರಿಹಾರ ತಪ್ಪಿಸೂದು ಸರಿ ಅಲ್ಲ ಅಂತ, ವಿಮಾ ಮೊತ್ತದಾಗ ನೂರಕ್ಕ 75ರಷ್ಟ ಕೊಡಿಸಿತು. ಮರೆತದ್ದಕ್ಕ ಒಂದ ಪಾಲು ಕಡಿಮಿ ಆತು. ಆದ್ರ ಕಳಕೊಂಡಾಂವ ಕಳಕೊಂಡಾಂವನ ಆಗಿ ಉಳದ, ಅಪರಾಧಿ ಆಗಲಿಲ್ಲ. ಆ ಲೆಕ್ಕ ನನಗ ಭಾಳ ನ್ಯಾಯ ಅನಸ್ತೈತಿ. ನಿಮ್ಮ ಮನ್ಯಾಗೂ ಅದ ಲೆಕ್ಕ ಹಿಡೀರಿ.

ಮಗಳು: ಹೇಳ್ತೀನ್ರಿ. ಆದ್ರ ನನಗ ತಿಳೀವಲ್ದು. ಅಷ್ಟ ಮಂದಿ ನಡುವ, ಹಾಡಹಗಲಿ, ಹತ್ತ ನಿಮಿಷದಾಗ ಹೆಂಗ? ಯಾವುದರ ಟೋಳಿ ಅವನ ಬೆನ್ನ ಹತ್ತಿತ್ತ?

ಕಾಕಾ: ಟೋಳಿಗೋಳು ಇರತಾವ, ಇಲ್ಲನ್ನಂಗಿಲ್ಲ. ಗಡಿ ದಾಟಿಸಿ ಮಾರವರು, ಬಿಚ್ಚಿ ಬಿಡಿಭಾಗ ಮಾಡವರು ಇರತಾರ. ಆದ್ರ ನಾ ಬರಕೊಂಡ ಫಿರ್ಯಾದಿಗೋಳಾಗ ಒಂದ ಮಾತು ತಿರುಗಿ ತಿರುಗಿ ಬರತಿತ್ತು: ‘ಈಗ ಬಂದೆ ಅಂತ ಇಳದಿದ್ನಿರಿ ಸಾಹೇಬರ.’ ಡೇರಿಗೆ ಹಾಲ ಹಾಕಾಕ ಇಳದಾಂವ. ಸೊಸೈಟ್ಯಾಗ ಒಂದ ಸಹಿ ಮಾಡಾಕ ಹೋದಾಂವ. ಬೀಗರಿಗಂತ ಎರಡ ಕಿಲೊ ಕರದಂಟ ಕಟ್ಟಿಸಾಕ ನಿಂತಾಂವ. ಇವರ ಗಾಡಿ ಒಯ್ದವರಾಗ ಭಾಳ ಮಂದಿ ಮುಂಜಾನೆ ಮನಿ ಬಿಡುವಾಗ ಇವತ್ತ ಇಂಥಾ ಗಾಡಿ ಒಯ್ಯಬೇಕು ಅಂತ ಬಂದಿರಂಗಿಲ್ಲ. ನಡಕೊಂತ ಹೊಂಟಿರತಾನ, ಚಾವಿ ಕಾಣ್ತೈತಿ, ಮಾಲಕ ಕಾಣಂಗಿಲ್ಲ. ಅಲ್ಲೆ ಮನಸ ಕೆಡತೈತಿ. ಒಬ್ಬಾಂವಗ ಊರಿಗೆ ಹೋಗಾಕ ಬಸ್ ತಪ್ಪಿರತೈತಿ, ಒಬ್ಬಾಂವಗ ಕುಡಿಯಾಕ ರೊಕ್ಕ ಬೇಕಾಗಿರತೈತಿ, ಇನ್ನೊಬ್ಬಾಂವ ಹರೇದ ಹುಡುಗ, ಓಡಿಸಿ ನೋಡೂ ಹುಚ್ಚು. ಪೆಟ್ರೋಲ್ ತೀರಿದಲ್ಲೆ ಬಿಟ್ಟ ಹೋದದ್ದೂ ಐತಿ.

ಮಗಳು: ಅಂದ್ರ ಆ ಗಳಿಗಿ ಸಿಗದಿದ್ರ ಅಂವ ತುಡುಗು ಮಾಡತಿದ್ದಿಲ್ಲ ಅಂತೀರೇನು? ಇಲ್ಲಿ ಸಿಗಲಿಲ್ಲಂದ್ರ ಮುಂದಿನ ಓಣ್ಯಾಗ ಇನ್ನೊಂದ ಹುಡಕತಾನ ಅಂತ ನಾ ತಿಳದಿದ್ನಿ.

ಕಾಕಾ: ಎಲ್ಲಾರೂ ಹಂಗ ತಿಳೀತಾರ. ಪಶ್ಚಿಮ ಜರ್ಮನ್ಯಾಗ ಒಂದ ಸಂಗತಿ ನಡದೈತಿ, ಅದನ್ನ ಕೇಳು. 1980ರಾಗ ಅಲ್ಲಿ ಹೆಲ್ಮೆಟ್ ಇಲ್ಲದ ಬೈಕ್ ಹೊಡದವರಿಗೆ ಸ್ಥಳದಾಗನ ದಂಡ ಹಾಕಾಕ ಸುರು ಮಾಡಿದ್ರು. ಮಾಡಿದ್ದು ತಲಿ ಉಳಸಾಕ. ಆದ್ರ ಆ ವರ್ಷ ಸುಮಾರು ಒಂದೂವರೆ ಲಕ್ಷ ಇದ್ದ ಬೈಕ್ ಕಳವು 1986ರ ಹೊತ್ತಿಗೆ 54 ಸಾವಿರದ ಆಸುಪಾಸಿಗೆ ಇಳೀತು. ಯಾಕ? ದಾರ್‍ಯಾಗ ಹೊಂಟಾಂವ ಏಕದಂ ಮನಸ ಕೆಟ್ಟು ಗಾಡಿ ಹತ್ತಬೇಕಂದ್ರ ಅವನ ಕೈಯಾಗ ಹೆಲ್ಮೆಟ್ ಇರಂಗಿಲ್ಲ. ಬರೇ ತಲೀಲೆ ಹೊಂಟ್ರ ಮುಂದಿನ ಚೌಕದಾಗ ಪೊಲೀಸ ಹಿಡೀತಾನ. ಸಂಶೋಧಕರು ಕಾರಿನ ಕಳವು, ಸೈಕಲ್ ಕಳವೂ ಕೂಡಿಸಿ ನೋಡಿದ್ರು. ಬೈಕ್ ಬಿಟ್ಟವರೆಲ್ಲಾ ಅದಕ್ಕ ಹೊಳ್ಳಿದ್ರು ಅನ್ನೂ ಹಂಗ ಆ ಅಂಕಿ ಏರಿರಲಿಲ್ಲ. ಮನಸ ಕೆಟ್ಟ ಗಳಿಗ್ಯಾಗ ಒಂದ ಸಣ್ಣ ಅಡ್ಡಿ ಇದ್ರ ಸಾಕು, ಆ ತುಡುಗು ಹುಟ್ಟೂದ ಇಲ್ಲ.

ಮಗಳು: ನಮ್ಮಲ್ಲಿ ಹೆಲ್ಮೆಟ್ ಕಡ್ಡಾಯ ಐತಲ್ರಿ.

ಕಾಕಾ: ಕಾಯ್ದೆದಾಗ ಐತಿ. ಗೋಕಾಕ, ಹುಕ್ಕೇರಿ, ಮೂಡಲಗಿ ರಸ್ತೆದಾಗ ಒಂದ ತಾಸ ನಿಂತ ನೋಡು. ಬರೇ ತಲೀಲೆ ಹೊಂಟಾಂವನ ಮ್ಯಾಲೆ ಯಾರ ಕಣ್ಣೂ ಬೀಳಂಗಿಲ್ಲ, ಯಾಕಂದ್ರ ಎಲ್ಲಾರೂ ಹಂಗ ಹೊಂಟಿರತಾರ. ನಾವು ಹೆಲ್ಮೆಟ್ ಹಾಕಾಕ ಸುರು ಮಾಡಿದ್ರ ನಮ್ಮ ತಲಿನೂ ಉಳೀತೈತಿ, ಗಾಡಿ ಒಯ್ದಾಂವ ಎದ್ದೂ ಕಾಣ್ತಾನ. ಇದನ್ನ ನಾ ನೌಕರ್‍ಯಾಗ ಇದ್ದಾಗೂ ಹೇಳ್ತಿದ್ನಿ.

ಮಗಳು: ಚಾವಿ ತಗದ ಹ್ಯಾಂಡಲ್ ಲಾಕ್ ಮಾಡಿದ್ರ ಸಾಕೇನ್ರಿ? ಮೂಡಲಗ್ಯಾಗ ಒಬ್ಬಾಂವ ಹೇಳ್ತಿದ್ದ, ಲಾಕ್ ಮಾಡಿದ ಗಾಡೀನೂ ಹೋಗತಾವಂತ.

ಕಾಕಾ: ಹೋಗತಾವ. ಆದ್ರ ಅದನ್ನ ಒಯ್ಯಾಂವ ಬ್ಯಾರೆ ಮನಶ್ಯಾ, ತಯಾರಾಗಿ ಬಂದಾಂವ. ಅವನೂ ಅಕ್ಕಪಕ್ಕದಾಗ ನಾಕ ಗಾಡಿ ಇದ್ರ ಸಸಾರ ಇದ್ದದ್ದನ್ನ ಆರಸತಾನ. ಮುಂದಿನ ಗಾಲಿಯ ಡಿಸ್ಕಿಗೆ ಒಂದ ಕೀಲಿ ಹಾಕಿದ್ರ, ಇಲ್ಲಾ ಹಿಂದಿನ ಗಾಲಿಗೆ ಸರಪಳಿ ಬಿಗದ್ರ, ಅಂವಗ ಹೊತ್ತ ಹಿಡೀತೈತಿ, ಸಪ್ಪಳ ಆಗತೈತಿ. ಅಂವ ಅಂಜೂದು ಆ ಎರಡಕ್ಕ. ನಮ್ಮ ಹಳ್ಳಿಗೋಳಾಗ ಇನ್ನೊಂದ ತಾಪತ್ರಯ ಐತಿ. ಹದಿನೈದ ಹದಿನಾರ ವರ್ಷದ ಹಳೇ ಗಾಡಿ, ಕೀಲಿಯ ತೂತು ಸವದು ಅಗಲ ಆಗಿರತೈತಿ. ಯಾರ ಮನಿ ಚಾವಿ ಹಾಕಿದ್ರೂ ತಿರಗತೈತಿ. ಓಣಿ ಮಂದಿ ಅದನ್ನ ಅನುಕೂಲ ಅಂತ ತಿಳದ, ಒಬ್ಬರ ಚಾವೀಲೆ ಇನ್ನೊಬ್ಬರ ಗಾಡಿ ಹೊಡೀತಿರತಾರ. ಆ ಲಾಕ್ ಬದಲ ಮಾಡಸೂದಕ್ಕ ಒಂದ ಚಲೋ ಟೈರಿನಷ್ಟೂ ಖರ್ಚ ಬರಂಗಿಲ್ಲ.

ಮಗಳು: ಕಾರಿಗೆ ಆ ಅಂಜಿಕಿ ಕಡಿಮಿ ಅಂತಾರಲ್ರಿ?

ಕಾಕಾ: ಹೊಸಾ ಕಾರಿನ ಚಾವ್ಯಾಗ ಒಂದ ಚಿಪ್ಪು ಇರತೈತಿ. ಅದರ ಗುರುತು ಸಿಗೂತನಕ ಎಂಜಿನ್ನ ಎದ್ದೇಳಂಗಿಲ್ಲ. ಯುರೋಪಿನ್ಯಾಗ 1998ರಿಂದ ಹೊಸಾ ಕಾರಿಗೆಲ್ಲಾ ಅದನ್ನ ಕಡ್ಡಾಯ ಮಾಡಿದ್ರು, ಕಳವು ಭಾಳ ಇಳೀತು. ಅಮೆರಿಕಾದಾಗ ಎರಡ ಕಂಪನಿ ಕೆಲವ ಮಾದರಿಗೆ ಅದನ್ನ ಹಾಕದ ಮಾರಿದ್ವು. 2021, 2022ರಾಗ ಅಲ್ಲಿ ಹರೇದ ಹುಡುಗರು ಮೊಬೈಲಿನ್ಯಾಗ ವಿಡಿಯೊ ನೋಡಿ ಆ ಕಾರಗೋಳನ್ನ ಸಾಲಿಗೆ ಒಯ್ದ್ರು. ಆದ್ರ ಚಿಪ್ಪಿನ ಚಾವೀನ ಗಾಡ್ಯಾಗ ಬಿಟ್ಟ ಇಳದ್ರ ಆ ಚಿಪ್ಪ ಏನ ಮಾಡತೈತಿ? ಮಕ್ಕಳು ಒಳಗ ಮಲಗ್ಯಾವ, ತಂಪ ಇರಲಿ ಅಂತ ಎಂಜಿನ್ ಚಾಲೂ ಬಿಟ್ಟ ನೀರಿನ ಬಾಟ್ಲಿ ತರಾಕ ಇಳೀತಾರಲ್ಲ, ಅದನ್ನ ನೋಡಿದ್ರ ನನ್ನ ಎದಿ ಝಲ್ ಅಂತೈತಿ. ಗಾಡೀನ ಒಯ್ದ್ರ ಗಾಡಿ ಅಷ್ಟ ಹೋಗಂಗಿಲ್ಲ. ಚಾಲಕನ ಸೀಟಿನ್ಯಾಗ ಲೈಸೆನ್ಸ್ ಇದ್ದಾಂವ ಇಲ್ಲಂದ್ರ ಎಂಜಿನ್ ಬಂದ್ ಮಾಡಿ ಬ್ರೇಕ್ ಹಾಕಿರಬೇಕು ಅಂತ ಮೋಟಾರು ವಾಹನ ಕಾಯ್ದೆಯ 126ನೇ ಕಲಮಿನ್ಯಾಗ ಬರದೈತಿ. 1988ರ ಕಾಯ್ದೆ ಅದು.

ಮಗಳು: ನಾವ ಈ ಸೂಟ್ಯಾಗ ಫಾಲ್ಸ್ ನೋಡಾಕ ಹೋಗಬೇಕಂತೀವ್ರಿ. ಗೋಕಾಕ ಫಾಲ್ಸ್, ಗೊಡಚಿನಮಲ್ಕಿ, ಹಂಗ ಹಿಡಕಲ್ ಡ್ಯಾಮು. ಬೆಂಗಳೂರಿಂದ ಅತ್ತಿಯವರೂ ಬರಾಕತ್ತಾರ. ಗಾಡಿ ಎಲ್ಲಿ ಹಚ್ಚೂದು ಅನ್ನೂದ ಈಗ ನನಗ ಚಿಂತಿ.

ಕಾಕಾ: ಹೋಗ್ರಿ, ಅಂಜಿ ಮನ್ಯಾಗ ಕುಂದರಬ್ಯಾಡ್ರಿ. ಮಳಿಗಾಲದಾಗ ಘಟಪ್ರಭಾ 52 ಮೀಟರ್ ಎತ್ತರದಿಂದ ಬೀಳೂದನ್ನ ನೋಡದ ಇದ್ರ ಈ ಭಾಗದಾಗ ಹುಟ್ಟಿ ಏನ ನೋಡಿದಂಗಾತು? ಆದ್ರ ಅಲ್ಲಿ ಏನಾಗತೈತಿ ಅನ್ನೂದನ್ನ ತಿಳಕೊ. ನೀರ ತುಂಬಿದ ಆಯಿತವಾರ ರಸ್ತೆದ ಎರಡೂ ಮಗ್ಗಲಾ ಗಾಡಿ ನಿಂತಿರತಾವ. ಇಳದವರ ಮಾರಿ ಎಲ್ಲಾ ನೀರಿನ ಕಡೆ, ಬೆನ್ನು ಗಾಡಿ ಕಡೆ. ನೀರಿನ ಸಪ್ಪಳಕ್ಕ ಗಾಜ ಒಡದ್ರೂ ಕೇಳಸಂಗಿಲ್ಲ. ಗಾಡಿಗಿಂತ ಗಾಡ್ಯಾಗಿನ ಚೀಲಾ ಹೋಗೂ ಸಂಭವ ಅಲ್ಲಿ ಹೆಚ್ಚು. ಹಿಂದಿನ ಸೀಟಿನ್ಯಾಗ ವ್ಯಾನಿಟಿ ಬ್ಯಾಗು, ಡ್ಯಾಶ್‌ಬೋರ್ಡ್ ಮ್ಯಾಲೆ ಮೊಬೈಲು, ಸ್ಕೂಟಿಯ ಡಿಕ್ಕ್ಯಾಗ ಬಂಗಾರದ ಡಬ್ಬಿ, ಇವನ್ನ ಬಿಟ್ಟ ಇಳೀಬಾರದು. ಚೀಲಾ ಡಿಕ್ಕ್ಯಾಗ ಇಡಬೇಕಂದ್ರ ಹೊರಡುವಾಗ ಮನಿ ಮುಂದನ ಇಟ್ಟಬಿಡ್ರಿ. ಫಾಲ್ಸ್ ಮುಂದ ನಿಂತು ಎಲ್ಲಾರೂ ನೋಡಾಕತ್ತಾಗ ಡಿಕ್ಕಿ ತಗದ ಒಳಗ ಇಟ್ರ, ಇಲ್ಲಿ ಐತಿ ನೋಡ್ರಿ ಅಂತ ನೀವ ತೋರಿಸಿಕೊಟ್ಟಂಗ. ಗೊಡಚಿನಮಲ್ಕ್ಯಾಗ ಇನ್ನೂ ಎಚ್ಚರಿಕಿ ಬೇಕು. ಅಲ್ಲಿ ಭಾಳ ಮಂದಿ ಗಾಡಿ ಬಿಟ್ಟು ಅಡವಿ ದಾರಿ ಹಿಡದ ನಡಕೊಂತ ಮಾರ್ಕಂಡೇಯ ನದಿಗೆ ಹೋಗತಾರ. ತಾಸಗಟ್ಟಲೆ ಗಾಡಿ ಕಣ್ಣಿಗೆ ಬೀಳಂಗಿಲ್ಲ. ಗುಂಪಿನ್ಯಾಗ ಹೋದ್ರ ಒಬ್ಬರು ಗಾಡಿ ಹತ್ರ ಇರ್ರಿ, ಪಾಳಿ ಹಚ್ಚಿಕೊಂಡು ಹೋಗಿ ಬರ್ರಿ. ಹಿಡಕಲ್‌ದಾಗ ಅಷ್ಟ ತೊಂದ್ರಿಲ್ಲ, ಗಾಡಿ ನಿಲ್ಲಸೂ ಜಾಗಾ ಕೇಳಿ ಅಲ್ಲೆ ನಿಲ್ಲಸ್ರಿ.

ಮಗಳು: ಘಟಪ್ರಭಾ ಸ್ಟೇಶನ್ನಿನ್ಯಾಗ ಗಾಡಿ ಹಚ್ಚಿ ರೈಲ ಹತ್ತವರು ಭಾಳ ಮಂದಿ. ನಮ್ಮ ಸಾಲಿ ಮಾಸ್ತರೂ ಒಬ್ಬರು ಹಂಗ ಬೆಳಗಾವಿಗೆ ಹೋಗತಾರ.

ಕಾಕಾ: ಅದ ನನಗ ಭಾಳ ಸಂಕಟದ್ದು. ಮೀರಜ ಕಡೆ, ಬೆಳಗಾವಿ ಕಡೆ ಹೋಗವರು ಮುಂಜಾನೆ ಗಡಿಬಿಡ್ಯಾಗ ಬರತಾರ, ಗಾಡಿ ಒಂದ ಗಿಡದ ಕೆಳಗ ಹಚ್ಚತಾರ, ಸಂಜಿಗೆ ಬರತಾರ. ಯಾವ ಗಾಡಿ ಯಾವಾಗ ಬರತೈತಿ, ಯಾವಾಗ ಹೋಗತೈತಿ ಅನ್ನೂದು ವಾರದಾಗ ಯಾರಿಗರ ತಿಳದ ಬಿಡತೈತಿ. ಇಲ್ಲಿ ಬರೇ ಗಳಿಗಿ ಅಲ್ಲ, ಇಡೀ ದಿನಾ ಸಿಗತೈತಿ. ರೊಕ್ಕ ಕೊಟ್ಟು ಚೀಟಿ ತಗೊಂಡು ನಿಲ್ಲಸೂ ಜಾಗಾ ಇದ್ರ ಅಲ್ಲೆ ನಿಲ್ಲಸಬೇಕು. ಹತ್ತಿಪ್ಪತ್ತ ರೂಪಾಯಿ ಉಳಸಾಕ ಹೋಗಿ ಎಂಬತ್ತ ಸಾವಿರದ ಗಾಡಿ ಬಯಲಿಗೆ ಬಿಡಬಾರದು. ಅಸಲ ಆರ್.ಸಿ. ಪುಸ್ತಕ ಡಿಕ್ಕ್ಯಾಗ ಇಡೂ ರೂಢಿನೂ ಬಿಡಬೇಕು. ಡಿಜಿಲಾಕರ್‌ದಾಗಿನ ದಾಖಲಿ ತೋರಿಸಿದ್ರ ಪೊಲೀಸರು ಒಪ್ಪಬೇಕು ಅಂತ 2018ರಾಗ ನಿಯಮ ಆಗೈತಿ. ಅಸಲ ಕಾಗದ ಗಾಡಿ ಸಂಗಾಟ ಹೋತಂದ್ರ ತುಡುಗಗ ಮಾರೂದು ಎಷ್ಟ ಸಸಾರ ಆಗತೈತಿ, ನೀನ ಇಚಾರ ಮಾಡು.

ಮಗಳು: ಹೈವೇದಾಗ? ಹುಕ್ಕೇರಿ ಕಡೆ ಹೋದ್ರ ಅದ ದಾರಿ.

ಕಾಕಾ: 48ನೇ ರಾಷ್ಟ್ರೀಯ ಹೆದ್ದಾರಿ, ಹತ್ತರಗಿ ಟೋಲ್, ಸಂಕೇಶ್ವರ. ಸಂಕೇಶ್ವರದಿಂದ ಗಡಹಿಂಗ್ಲಜ ಅರ್ಧ ತಾಸಿನ ದಾರಿ, ಅದು ಮಹಾರಾಷ್ಟ್ರದ ಪೊಲೀಸ ಹದ್ದು. ಒಯ್ದಾಂವಗ ಆ ಗಡಿ ಭಾಳ ಅನುಕೂಲ. ಹೆದ್ದಾರ್‍ಯಾಗ ಗಮನ ಬ್ಯಾರೆ ಕಡೆ ಸೆಳೆಯೂದು ಒಂದ ಹಳೇ ಆಟ. ನಿಮ್ಮ ಗಾಡ್ಯಾಗ ಆಯಿಲ್ ಸೋರಾಕತ್ತೈತಿ ಅಂತ ಬಾಜೂಕ ಬಂದು ಕೈ ಮಾಡತಾರ. ನೆಲದ ಮ್ಯಾಲೆ ನಾಕ ಹತ್ತರ ನೋಟ ಚೆಲ್ಲಿ ನಿಮ್ಮ ರೊಕ್ಕ ಬಿದ್ದಾವ ಅಂತಾರ. ನೀ ಬಗ್ಗಿ ನೋಡೂದರಾಗ ಇನ್ನೊಬ್ಬಾಂವನ ಕೈ ಒಳಗ ಹೋಗಿರತೈತಿ. ಯಾರರ ಹಂಗಂದ್ರ ಅಲ್ಲೆ ನಿಲ್ಲಸಬ್ಯಾಡ. ಪೆಟ್ರೋಲ್ ಪಂಪು, ಟೋಲ್ ನಾಕಾ, ಮಂದಿ ಇರೂ ಧಾಬಾ ಸಿಗೂತನಕ ಸಾವಕಾಶ ಹೋಗು, ಅಲ್ಲಿ ಇಳದ ನೋಡು. ಇಳಿಯುವಾಗ ಚಾವಿ ಕೈಯಾಗ ಇರಲಿ. ಕಾರು ಹೋತಂದ್ರ ಇನ್ನೊಂದ ದಾರಿ ಉಳದಿರತೈತಿ. 2021ರಿಂದ ಫಾಸ್ಟ್ಯಾಗ್ ಕಡ್ಡಾಯ ಐತಿ. ನಿನ್ನ ಕಾರು ಟೋಲ್ ದಾಟಿದ್ರ ನಿನ್ನ ಮೊಬೈಲಿಗೆ ಮೆಸೇಜ್ ಬರತೈತಿ. ಅದನ್ನ ಆಗಿಂದಾಗ ಪೊಲೀಸರಿಗೆ ತೋರಸಬೇಕು. ಬೈಕಿಗೆ ಟೋಲ್ ಇಲ್ಲ, ಹಿಂಗಾಗಿ ಆ ಸುಳಿವೂ ಇಲ್ಲ.

ಮಗಳು: ಇಷ್ಟೆಲ್ಲಾ ಕೇಳಿದ ಮ್ಯಾಲೆ ದಾರ್‍ಯಾಗ ಕಂಡವರೆಲ್ಲಾ ತುಡುಗರ ಹಂಗ ಕಾಣಸ್ತಾರ್ರಿ. ತಮ್ಮನ ಗೆಳ್ಯಾರು ನಿನ್ನೆ ವಾಟ್ಸಾಪಿನ್ಯಾಗ ಬರದಾರ, ನಮ್ಮೂರಾಗ ಗುರ್ತಿಲ್ಲದವರು ಗಾಡಿ ಹತ್ರ ನಿಂತ್ರ ಹಿಡದ ಕಟ್ಟಿ ಹಾಕೂಣಂತ.

ಕಾಕಾ: ಅದನ್ನ ಇವತ್ತ ಅಳಸಾಕ ಹಚ್ಚು. ಖರೇನ ಹೇಳ್ತೀನಿ, ಗಾಡಿ ತುಡುಗಿಗಿಂತ ಅದಕ್ಕ ನಾ ಹೆಚ್ಚ ಅಂಜತೀನಿ. 2018ರ ಜುಲೈದಾಗ ಬೀದರ ಜಿಲ್ಲೆಯ ಮುರ್ಕಿಯೊಳಗ ಏನಾತು ನೆನಪೈತಿಲ್ಲೊ? ಗೆಳ್ಯಾನ ಭೆಟ್ಟಿಗಂತ ಹೈದರಾಬಾದ ಕಡೆಯವರು ಕಾರಿನ್ಯಾಗ ಬಂದಿದ್ರು. ದಾರ್‍ಯಾಗ ಸಾಲಿ ಹುಡುಗರಿಗೆ ಚಾಕ್ಲೇಟ್ ಕೊಟ್ರು. ಮಕ್ಕಳ ಕಳ್ಳರು ಅಂತ ವಾಟ್ಸಾಪಿನ್ಯಾಗ ಸುದ್ದಿ ಹಬ್ಬಿತು. ಮಂದಿ ರಸ್ತೆಕ್ಕ ಅಡ್ಡ ಹಾಕಿದ್ರು, ಕಾರು ಪಲ್ಟಿ ಆತು, ಹೊರಗ ಎಳದು ಬಡದ್ರು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ. ಬಿಡಸಾಕ ಹೋದ ಪೊಲೀಸರಿಗೂ ಪೆಟ್ಟ ಬಿದ್ವು. ಏನೂ ಮಾಡದ ಮನಶ್ಯಾ ಅಂವ. ಪೊಲೀಸ ಅರಿವಿ ಹಾಕಿದ ಯಾರರ ಆ ಸುದ್ದಿ ಕೇಳಿ ಆ ರಾತ್ರಿ ನಿದ್ದಿ ಮಾಡಿರಂಗಿಲ್ಲ. ಎಚ್ಚರ ಅನ್ನೂದು ನಮ್ಮ ಚಾವಿ ಮ್ಯಾಲೆ, ನಮ್ಮ ಕೀಲಿ ಮ್ಯಾಲೆ ಇರಬೇಕು. ಮಂದೀ ಮಾರಿ ಮ್ಯಾಲೆ, ಅವರ ಭಾಷೆ ಮ್ಯಾಲೆ, ಅರಿವಿ ಮ್ಯಾಲೆ ಅಲ್ಲ. ನಮ್ಮ ಕಡೆ ಕಬ್ಬ ಕಡಿಯಾಕ ಪ್ರತಿ ವರ್ಷ ಎಲ್ಲೆಲ್ಲಿಂದೋ ಟೋಳಿ ಬರತಾವ. ಯಲ್ಲಮ್ಮನ ಗುಡ್ಡಕ್ಕ ಹೋಗೂ ಭಕ್ತರು ಟ್ರ್ಯಾಕ್ಟರ್ ಕಟಗೊಂಡು ಇದ ದಾರೀಲೆ ಹೋಗತಾರ. ಗುರ್ತಿಲ್ಲದವರು ಅಂತ ಅವರನ್ನೆಲ್ಲಾ ನಿಲ್ಲಸಾಕ ನಾವ್ಯಾರು? ಖರೇನ ಯಾರರ ಕೀಲಿ ಮುರಿಯೂದು ಕಂಡ್ರ 112ಕ್ಕ ಫೋನ್ ಹಚ್ಚಬೇಕು. ನಾಕ ಮಂದಿ ಕೂಡಿ ತಡದ ನಿಲ್ಲಸಬಹುದು, ಮೈ ಮ್ಯಾಲೆ ಕೈ ಹಾಕಬಾರದು.

ಮಗಳು: ಅಳಸ್ರಿ ಅಂತ ಹೇಳ್ತೀನ್ರಿ. ಇನ್ನ ತಮ್ಮನ ಕೆಲಸ. ಅಂವ ಎರಡ ದಿನಾ ತಾನ ಹುಡುಕ್ಯಾಡಿದ. ಮೂರನೇ ದಿನಾ ಠಾಣೆಗೆ ಹೋದ್ರ, ಇನ್ನೊಂದೀಟ ಹುಡುಕಿ ನೋಡಿ ಬಾರಪಾ ಅಂದ್ರಂತ.

ಕಾಕಾ: ಯಾವ ಠಾಣೆ ಅಂತ ನಾ ಕೇಳಂಗಿಲ್ಲ. ಹಂಗ ಅನ್ನಬಾರದಾಗಿತ್ತು, ಇಲಾಖೆದಾಗ ದುಡದಾಂವನ ಹೇಳ್ತೀನಿ. ಗಾಡಿ ಕಳವು ಅನ್ನೂದು ಸಂಜ್ಞೇಯ ಅಪರಾಧ. ಅದರ ಫಿರ್ಯಾದಿ ಬಂದ್ರ ಎಫ್.ಐ.ಆರ್. ದಾಖಲ ಮಾಡಾಕಬೇಕು. 2013ರಾಗ ಲಲಿತಾ ಕುಮಾರಿ ಪ್ರಕರಣದಾಗ ಸುಪ್ರೀಂ ಕೋರ್ಟು ಅದನ್ನ ಖಡಾಖಡಿ ಹೇಳೈತಿ. 2024ರ ಜುಲೈ 1ರಿಂದ ಹೊಸಾ ಕಾಯ್ದೆ ಬಂದಾವಲ್ಲ, ಅದರಾಗ ಇನ್ನೊಂದ ಅನುಕೂಲ ಆಗೈತಿ. ಗಾಡಿ ಎಲ್ಲೇ ಹೋಗಲಿ, ಯಾವ ಠಾಣೆದಾಗ ಬೇಕಾದ್ರೂ ಫಿರ್ಯಾದಿ ಕೊಡಬಹುದು. ಗಡಹಿಂಗ್ಲಜದಾಗ ಹೋದ ಗಾಡಿಗೆ ಸಂಕೇಶ್ವರದಾಗ ಬರಸಬಹುದು, ಅದು ಮುಂದ ಅಲ್ಲಿಗೆ ಹೋಗತೈತಿ. ಮೊಬೈಲಿನ್ಯಾಗ ಕಳಿಸಿದ್ರೂ ನಡೀತೈತಿ, ಮೂರ ದಿನದಾಗ ಹೋಗಿ ಸಹಿ ಮಾಡಬೇಕು. ಎಫ್.ಐ.ಆರ್. ಪ್ರತಿಗೆ ಒಂದ ಪೈಸಾ ಕೊಡೂದಿಲ್ಲ. ದೂರದ ದಾರ್‍ಯಾಗ ಗಾಡಿ ಕಳಕೊಂಡವರಿಗೆ ಇದ ಗೊತ್ತಿರಾಕ ಬೇಕು. ಊರಿಗೆ ಹೋಗಿ ಕೊಡೂಣಂತ ಎರಡ ದಿನಾ ಕಳೀತಾರ.

ಮಗಳು: ಎರಡ ದಿನದಾಗ ಅಂಥಾದ್ದೇನ ಹೋಗತೈತಿ?

ಕಾಕಾ: ಗಾಡಿ ನಿಮ್ಮ ಹೆಸರಿಲೆ ಐತಿ. ಒಯ್ದಾಂವ ಆ ಗಾಡೀಲೆ ಒಬ್ಬರಿಗೆ ಹಾಯ್ದ್ರ, ಸರ ಹರಕೊಂಡ ಹೋದ್ರ, ನಂಬರ್ ಹಿಡದ ಮೊದಲ ಬಾಗಲಾ ಬಡಿಯೂದು ನಿಮ್ಮ ಮನೀದ. ಫಿರ್ಯಾದಿಯ ಹೊತ್ತು, ತಾರೀಖು ಅದಕ್ಕ ಬೇಕು. ಮತ್ತ ವಿಮಾ ಕಂಪನಿಗೂ ಅವತ್ತ ತಿಳಸಬೇಕು. ಠಾಣೆಗೆ ಲಗೂನ ಹೋಗಿದ್ರ, ಕಂಪನಿಗೆ ತಿಳಸೂದು ತಡ ಆದದ್ದನ್ನ ಮುಂದ ಮಾಡಿ ಪರಿಹಾರ ತಪ್ಪಸಾಕ ಬರಂಗಿಲ್ಲ ಅಂತ 2020ರಾಗ ಸುಪ್ರೀಂ ಕೋರ್ಟು ಹೇಳೈತಿ. ಆದ್ರ ಕೋರ್ಟಿಗೆ ಹೋಗೂ ಪ್ರಸಂಗ ಯಾಕ ತರಬೇಕು? ಈಗ ಇದನ್ನ ಹೇಳು, ತಮ್ಮನ ಗಾಡಿಗೆ ಯಾವ ವಿಮಾ ಐತಿ?

ಮಗಳು: ಐದ ವರ್ಷದ್ದ ಐತ್ರಿ. ಗಾಡಿ ತಗೊಂಡಾಗ ಶೋರೂಮಿನ್ಯಾಗ ಮಾಡಿಸಿಕೊಟ್ಟಿದ್ರು. ಇನ್ನೂ ಎರಡ ವರ್ಷ ಉಳದೈತಿ.

ಕಾಕಾ: ನಾ ಅಂಜಿದ್ದ ಅದಕ್ಕ. 2018ರ ಸೆಪ್ಟೆಂಬರಿಂದ ಹೊಸಾ ಬೈಕಿಗೆ ಐದ ವರ್ಷದ ವಿಮಾ ಕಡ್ಡಾಯ ಆತು. ಆದ್ರ ಅದು ಥರ್ಡ್ ಪಾರ್ಟಿ, ಅಂದ್ರ ನಿಮ್ಮ ಗಾಡೀಲೆ ಬ್ಯಾರೇದವರಿಗೆ ಪೆಟ್ಟಾದ್ರ ಕೊಡೂದು. ಗಾಡಿ ಕಳುವಾದ್ರ ಕೊಡೂ ಸ್ವಂತ ಹಾನಿಯ ವಿಮಾ ಭಾಳ ಪಾಲಸಿಗೋಳಾಗ ಒಂದ ವರ್ಷಕ್ಕಷ್ಟ ಇರತೈತಿ. ಅದನ್ನ ವರ್ಷಾ ವರ್ಷಾ ಹೊಸದ ಮಾಡಸಬೇಕು. ಮಾಡಸಾವರು ನಮ್ಮ ಹಳ್ಳ್ಯಾಗ ಎಷ್ಟ ಮಂದಿ? ಪಾಲಸಿ ಕಾಗದದ ಮ್ಯಾಲೆ ಐದ ವರ್ಷ ಅಂತ ಬರದದ್ದ ನೋಡಿ ಎಲ್ಲಾರೂ ನೆಮ್ಮದೀಲೆ ಇರತಾರ. ಸಾಲದ ಮ್ಯಾಲೆ ತಗೊಂಡಿದ್ರಂತೂ ಗಾಡಿ ಹೋದ್ರೂ ಕಂತು ನಿಲ್ಲಂಗಿಲ್ಲ. ನೀ ಮನಿಗೆ ಹೋಗಿ ಪಾಲಸಿ ತಗದು ನೋಡು, ಸ್ವಂತ ಹಾನಿ ಅನ್ನೂದರ ಮುಂದ ಯಾವ ತಾರೀಖ ಐತಿ ಅಂತ. ಹಂಗ ನಿನ್ನ ಸ್ಕೂಟೀದೂ ನೋಡು.

ಮಗಳು: ತಾರೀಖ ಉಳದಿದ್ರ?

ಕಾಕಾ: ಉಳದಿದ್ರ ಎಫ್.ಐ.ಆರ್., ಆರ್.ಸಿ., ಪಾಲಸಿ, ಎರಡೂ ಚಾವಿ ಕೊಡಬೇಕು. ಒಂದ ಚಾವಿ ಗಾಡೀ ಕೂಡ ಹೋಗೈತಿ ಅನ್ನೂದನ್ನ ಇದ್ದದ್ದ ಇದ್ದಂಗ ಬರೀರಿ, ಮುಚ್ಚಿಡಬ್ಯಾಡ್ರಿ. ಸುಳ್ಳ ಹೇಳಿ ಸಿಕ್ಕಬಿದ್ರ ಆ ನೂರಕ್ಕ 75ನೂ ಹೋಗತೈತಿ. ಗಾಡಿ ಪತ್ತೆ ಆಗಲಿಲ್ಲಂದ್ರ ಪೊಲೀಸರು ಕೋರ್ಟಿಗೆ ಸಿ ರಿಪೋರ್ಟ್ ಹಾಕತಾರ, ಅದರ ಪ್ರತಿ ಕಂಪನಿ ಕೇಳತೈತಿ. ಆರ್.ಟಿ.ಓ. ಕಚೇರಿಗೂ ಕಳುವಾಗೈತಿ ಅಂತ ಒಂದ ಅರ್ಜಿ ಕೊಡ್ರಿ, ಯಾರೂ ಹೆಸರ ವರ್ಗ ಮಾಡಸಬಾರದು.

ಮಗಳು: ಸಿಕ್ಕರ? ಠಾಣೆ ಮುಂದ ಗಾಡಿಗೋಳು ತುಕ್ಕ ಹಿಡದ ಬಿದ್ದದ್ದ ನೋಡಿದ್ರ, ಸಿಕ್ಕರೂ ಸಿಗದಂಗ ಅನಸ್ತೈತ್ರಿ.

ಕಾಕಾ: ಆ ಗಾಡಿಗೋಳ ಮುಂದ ನಾ ವರ್ಷಗಟ್ಟಲೆ ಪಹರೆ ಮಾಡೀನಿ. ಬಳ್ಳಿ ಹಬ್ಬಿರತಾವ, ಸೀಟಿನ್ಯಾಗ ಇಲಿ ಗೂಡ ಕಟ್ಟಿರತಾವ. ಒಂದೊಂದ ಗಾಡಿನೂ ಒಂದ ಮನಿ ದುಡಿಮಿ. ಅದರ ಮ್ಯಾಲೆ ಹಾಲಿನ ಕ್ಯಾನ್ ಹೋಗಿರತಾವ, ಮಗಳು ಕಾಲೇಜಿಗೆ ಹೋಗಿರತಾಳ. ಸುಪ್ರೀಂ ಕೋರ್ಟು 2002ರಾಗ, ಸುಂದರಭಾಯಿ ಅಂಬಾಲಾಲ ದೇಸಾಯಿ ಪ್ರಕರಣದಾಗ, ಗಾಡಿ ಠಾಣೆದಾಗ ಕೊಳಿಸಬ್ಯಾಡ್ರಿ, ಫೋಟೊ ತಗದು, ಪಂಚನಾಮೆ ಮಾಡಿ, ಬಾಂಡ್ ಬರಿಸಿಕೊಂಡು ಮಾಲಕಗ ಕೊಡ್ರಿ ಅಂತ ಹೇಳಿತ್ತು. ಹೊಸಾ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಮಿನ್ಯಾಗ ಜಪ್ತಿ ಮಾಡಿದ ವಸ್ತುವಿನ ವಿವರಕ್ಕ 14 ದಿನಾ, ವಿಲೇವಾರಿಗೆ 30 ದಿನಾ ಅಂತ ಗಡುವೂ ಬಂದೈತಿ. ಆದ್ರ ಮಾಲಕ ಅರ್ಜಿ ಹಾಕಬೇಕು. ಕೋರ್ಟು ಅಂದ್ರ ಅಂಜಿ, ವಕೀಲರ ಫೀ ಅಂತ ಅಂಜಿ, ಭಾಳ ಮಂದಿ ಬರೂದ ಇಲ್ಲ. ಸಿಕ್ಕೈತಿ ಬರ್ರಿ ಅಂತ ನಾ ಫೋನ್ ಹಚ್ಚಿ ಕರದ್ರೂ ಬಾರದವರು ಇದ್ರು. ನಿಮ್ಮ ಗಾಡಿ ಸಿಕ್ಕರ ಅವತ್ತ ನನಗ ಹೇಳು, ಅರ್ಜಿ ನಾ ಬರಸತೀನಿ.

ಮಗಳು: ಒಂದ ಮಾತ ಹೇಳಾಕ ಮನಸ ಹಿಂಜರಿಯಾಕತ್ತೈತ್ರಿ ಕಾಕಾ. ತಮ್ಮಗ ಕೆಲಸಕ್ಕ ಗಾಡಿ ಬೇಕ ಬೇಕು. ಯಾರೊ ಒಬ್ಬರು ಹನ್ನೆರಡ ಸಾವಿರಕ್ಕ ಒಂದ ಗಾಡಿ ತೋರಿಸ್ಯಾರ. ಚಲೋ ಐತಿ, ಕಾಗದ ಆಮ್ಯಾಲೆ ಕೊಡ್ತೀನಿ ಅಂದಾರಂತ.

ಕಾಕಾ: ಹನ್ನೆರಡ ಸಾವಿರಕ್ಕ ಚಲೋ ಗಾಡಿ! ಅದು ಯಾರ ಮನಿ ಅಳುವಿನ ಗಾಡಿ ಅಂತ ಅಂವ ಕೇಳ್ಯಾನೇನು? ನಿನ್ನ ತಮ್ಮನ ಗಾಡಿನೂ ಇವತ್ತ ಯಾವುದೊ ಊರಾಗ ಇದ ರೀತಿ ಇನ್ನೊಬ್ಬಾಂವಗ ತೋರಸಾಕತ್ತಿರತಾರ. ನೋಡು, ಮೂಡಲಗಿ ದನದ ಸಂತ್ಯಾಗ ಒಂದ ಎಮ್ಮಿ ಕೊಳ್ಳಬೇಕಂದ್ರ ನಮ್ಮ ಮಂದಿ ಏನೇನ ನೋಡತಾರ? ಹಲ್ಲ ನೋಡತಾರ, ಸುಳಿ ನೋಡತಾರ, ಯಾವ ಊರು, ಯಾರ ಮನಿ, ಯಾಕ ಮಾರಾಕತ್ತಿ ಅಂತ ಕೇಳತಾರ, ನಡುವ ಇಬ್ಬರನ್ನ ಸಾಕ್ಷಿ ನಿಲ್ಲಿಸಿ ರೊಕ್ಕ ಎಣಸತಾರ. ಅದ ಮಂದಿ ಎಂಜಿನ್ ಇದ್ದ ಗಾಡಿ ಕೊಳ್ಳುವಾಗ ಕತ್ತಲದಾಗ ಕೈಯಾಗ ರೊಕ್ಕ ಇಟ್ಟ ಬರತಾರ. ಗಳಿಗಿ ನೋಡಿ ಗಾಡಿ ಎತ್ತಾಂವ ಒಬ್ಬಾಂವ. ಅದನ್ನ ಯಾರದಂತ ಕೇಳದ ಕೊಳ್ಳಾಂವ ಇನ್ನೊಬ್ಬಾಂವ. ಈ ಎರಡನೇದಾಂವ ಇರದಿದ್ರ ಮೊದಲನೇದಾಂವಗ ಆ ಗಾಡಿಯಿಂದ ಒಂದ ಟಾಕಿ ಪೆಟ್ರೋಲಿನಷ್ಟ ಲಾಭ. ಇಷ್ಟ ವರ್ಷ ಠಾಣೆದಾಗ ಕುಂತು ನಾ ಮನಸಾರೆ ನಂಬಿದ್ದು ಇದು. ಚಾವಿ ಕಿಸೇದಾಗ ಇಟಗೊಳ್ಳೂದು ಅರ್ಧಾ ಎಚ್ಚರ. ಕಾಗದ ಇಲ್ಲದ ಗಾಡಿ ಮುಟ್ಟದ ಇರೂದು ಇನ್ನರ್ಧಾ.

ಮಗಳು: ತುಡುಗಿಂದು ಅಂತ ಗೊತ್ತಿಲ್ಲದ ಕೊಂಡ್ರ ತಪ್ಪೇನ್ರಿ?

ಕಾಕಾ: ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ ಕಳವಿಗೆ ಮೂರ ವರ್ಷದ ತನಕ ಸಜಾ. ಮಂದಿ, ಸಾಮಾನು ಸಾಗಸೂ ಗಾಡಿ ಕದ್ರ 305ರ ಪ್ರಕಾರ ಏಳ ವರ್ಷದ ತನಕ. ಕಳವಿನ ಮಾಲು ಅಂತ ಗೊತ್ತಿದ್ದು, ಇಲ್ಲಾ ಹಂಗ ನಂಬಾಕ ಕಾರಣ ಇದ್ದು, ಅಪ್ರಾಮಾಣಿಕತೇಲೆ ತಗೊಂಡಾಂವಗ 317ರ ಪ್ರಕಾರ ಮೂರ ವರ್ಷದ ತನಕ. ನಂಬಾಕ ಕಾರಣ ಅನ್ನೂದನ್ನ ಬರೋಬ್ಬರಿ ಕೇಳಸ್ಕೊ. ಅರವತ್ತ ಸಾವಿರದ ಗಾಡಿ ಹನ್ನೆರಡಕ್ಕ ಬಂದ್ರ, ಕಾಗದ ಇಲ್ಲಂದ್ರ, ಅದಕ್ಕಿಂತ ಬ್ಯಾರೆ ಕಾರಣ ಏನ ಬೇಕು? ನನಗ ಗೊತ್ತಿರಲಿಲ್ಲ ಅಂತ ಅಂವ ಕೋರ್ಟಿನ್ಯಾಗ ಹೇಳಬೇಕಾಗತೈತಿ. ಸಜಾ ತಪ್ಪಿದ್ರೂ ಗಾಡಿ ಮೂಲ ಮಾಲಕಗ ಹೋಗತೈತಿ, ರೊಕ್ಕ ಹೋದದ್ದ ಹೋಗತೈತಿ.

ಮಗಳು: ಖರೇ ಗಾಡಿ ಅನ್ನೂದನ್ನ ಹೆಂಗ ತಿಳಿಯೂದು? ನಂಬರ್ ಪ್ಲೇಟ್ ಹೊಸಾ ನಮೂನಿದ ಐತಿ ಅಂದ.

ಕಾಕಾ: ಅತಿ ಸುರಕ್ಷಿತ ನಂಬರ್ ಪ್ಲೇಟು 2019ರ ಏಪ್ರಿಲ್ 1ರಿಂದ ಹೊಸಾ ಗಾಡಿಗೆ ಬಂತು. ಹಳೇ ಗಾಡಿಗೂ ಹಾಕಸ್ರಿ ಅಂತ ನಮ್ಮ ರಾಜ್ಯದಾಗ 2023ರ ಆಗಸ್ಟಿನ್ಯಾಗ ಆದೇಶ ಆತು. ಅಶೋಕ ಚಕ್ರದ ಹೊಳಪಿನ ಗುರುತು, ಲೇಸರಿಲೆ ಕೊರದ ಸಣ್ಣ ನಂಬರು, ಒಮ್ಮೆ ಬಿಚ್ಚಿದ್ರ ಮುರಿಯೂ ಲಾಕು ಇರತಾವ. ಅಂಥಾದ್ದನ್ನ ಹೋಲೂ ನಕಲಿ ಹಚ್ಚಾವರೂ ಅದಾರ. ಹಿಂಗಾಗಿ ಪ್ಲೇಟ್ ನೋಡಿ ನಂಬಬ್ಯಾಡ. ಎಂಜಿನ್ ನಂಬರು, ಚೆಸ್ಸಿ ನಂಬರು ಗಾಡಿ ಮೈಮ್ಯಾಲೆ ಕೊರದಿರತಾವ. ಅವನ್ನ ಕೈಲೆ ಒರಸಿ ನೋಡಬೇಕು. ಉಜ್ಜಿದಂಗ, ಹೊಸದಾಗಿ ಬಡದಂಗ ಅನಸಿದ್ರ ಬಿಟ್ಟ ಬರಬೇಕು. ಪರಿವಹನ ಆ್ಯಪಿನ್ಯಾಗ ನಂಬರ್ ಹಾಕಿ ಮಾದರಿ, ನೋಂದಣಿ ವರ್ಷ ತಾಳೆ ಆಗತಾವೇನು ನೋಡಬೇಕು. ಆರ್.ಸಿ.ದಾಗಿನ ಮನಶ್ಯಾ ಎದರಿಗೆ ಬಂದು ವರ್ಗಾವಣೆ ಅರ್ಜಿಗೆ ಸಹಿ ಮಾಡಬೇಕು. ಅಂವ ಸತ್ತಾನ, ಅಂವ ಪುಣೇದಾಗ ಅದಾನ ಅನ್ನೂ ಕತಿ ಕೇಳಬಾರದು. ಇದ ಮಾತ ಟ್ರ್ಯಾಕ್ಟರ್ ಟ್ರೇಲರಿಗೂ ಬಂತು. ಕಬ್ಬಿನ ಸುಗ್ಗ್ಯಾಗ ನಂಬರ ಇಲ್ಲದ ಟ್ರೇಲರು ಹೊಲದ ಬದುವಿನ ಮ್ಯಾಲೆ ರಾತ್ರಿಯೆಲ್ಲಾ ನಿಂತಿರತಾವ. ಒಯ್ದ್ರ ಇದು ನಂದು ಅಂತ ತೋರಸಾಕ ಮಾಲಕನ ಕೈಯಾಗ ಏನೂ ಇರಂಗಿಲ್ಲ. ನಿಮ್ಮ ಅಪ್ಪಗೂ ಹೇಳು, ಟ್ರೇಲರಿಗೆ ನೋಂದಣಿ ನಂಬರ ಬರಸ್ರಿ, ಚೆಸ್ಸಿ ಮ್ಯಾಲೆ ಒಂದ ಗುರ್ತ ಕೊರಸಿ ಫೋಟೊ ತಗದ ಇಡ್ರಿ ಅಂತ.

ಮಗಳು: ತಮ್ಮ ಏನಂತಾನೊ ಗೊತ್ತಿಲ್ರಿ. ನನ್ನ ಗಾಡಿ ಹೋಗೈತಿ, ನಾ ಒಬ್ಬಾಂವ ಕಾಗದ ಕೇಳಿದ್ರ ಊರ ತುಡುಗು ನಿಂತೀತೇನು ಅಂತಾನ.

ಕಾಕಾ: ಅನ್ನಲಿ. ನೊಂದಾನ, ಅದಕ್ಕ ಅಂತಾನ. ನೀ ಸಿಟ್ಟಿಗೇಳಬ್ಯಾಡ. ಸಂಜಿಕ ಅವನ್ನ ನನ್ನ ಕಡೆ ಕಳಸು, ಪಾಲಸಿ ತಗೊಂಡ ಬರಲಿ. ಅದಕ್ಕಿಂತ ಮೊದಲ, ಆ ಗಾಡಿ ತೋರಿಸಿದಂವಗ ಈಗ ಒಂದ ಫೋನ್ ಹಚ್ಚಾಕ ಹೇಳು. ಆರ್.ಸಿ.ದ, ಚೆಸ್ಸಿ ನಂಬರಿಂದ ಫೋಟೊ ಕಳಸ್ರಿ ಅನ್ನಲಿ. ಕಳಿಸಿದ್ರ ಇಬ್ಬರೂ ಕೂಡಿ ಆರ್.ಟಿ.ಓ. ಕಚೇರಿಗೆ ಹೋಗಿ ತೋರಿಸಿ ಬರೂಣು. ಕಳಸಲಿಲ್ಲಂದ್ರ ಆ ನಂಬರ್ ನನಗ ಕೊಡು.